ಕೂಸಿನ ಹೊದಿಕೆಗೆ ಘಮ ಬೇಕೇ?

ಬಟ್ಟೆಯ ಕೊಳೆ ಹೋಗುವುದಕ್ಕೂ ಅದು ಘಮಘಮಿಸುವುದಕ್ಕೂ ಸಂಬಂಧವೇ ಇಲ್ಲ. ಜಿಡ್ಡನ್ನು ಎಳೆಯಿಂದ ಬಿಡಿಸುವುದು ಡಿಟರ್ಜೆಂಟಿನ ಸರ್ಫ್ಯಾಕ್ಟೆಂಟ್. ಹಾಲಿನ ಕಲೆ, ಬೆವರಿನ ಕಲೆಗಳನ್ನು ತುಂಡರಿಸುವುದು ಕಿಣ್ವಗಳು. ನೀರಿನ ಗಡಸುತನ ತಗ್ಗಿಸಲು ಮತ್ತೊಂದಿಷ್ಟು ಲವಣಗಳಿರುತ್ತವೆ. ಇವೆಲ್ಲ ತಮ್ಮ ಕೆಲಸ ಮುಗಿಸಿ, ಜಾಲಿಸಿದ ನೀರಿನ ಜೊತೆ ಬಹುಪಾಲು ಚರಂಡಿಗೆ ಹೋಗುತ್ತವೆ. ಪರಿಮಳದ ಕೆಲಸ ಶುರುವಾಗುವುದೇ ಆಮೇಲೆ. ಅದು ಬಟ್ಟೆಯಲ್ಲಿ ಉಳಿದುಕೊಳ್ಳಬೇಕು, ಅಲ್ಲಿಂದ ಸ್ವಲ್ಪಸ್ವಲ್ಪವಾಗಿ ಗಾಳಿಗೆ ಏರಬೇಕು, ಉಸಿರಿನ ಜೊತೆ ಮೂಗಿಗೆ ಹೋಗಬೇಕು. ಅಂದರೆ ಒಗೆಯುವ ಸಾಮಾನಿನಲ್ಲಿ ಉಸಿರೊಳಗೆ ಹೋಗಲೆಂದೇ ಹಾಕಿರುವ ವಸ್ತು ಇದೊಂದೇ, ಮತ್ತು ಒಗೆತಕ್ಕೆ ಇದರಿಂದ ಆಗುವ ಉಪಕಾರ ಸೊನ್ನೆ.

ದೊಡ್ಡವರ ಮಟ್ಟಿಗೆ ಇದು ಇಷ್ಟಾನಿಷ್ಟದ ಮಾತು. ಮನೆಯಲ್ಲಿ ಹಸುಗೂಸು ಇದ್ದಾಗ ಲೆಕ್ಕ ಬೇರೆಯಾಗುತ್ತದೆ. ಪರಿಮಳದ ಬಗ್ಗೆ ಎರಡು ಬಗೆಯ ಮಾತು ಜೋರಾಗಿ ಕೇಳಿಬರುತ್ತವೆ. ಡಿಟರ್ಜೆಂಟ್ ವಿಷ, ಮಗುವಿಗೆ ಅಸ್ತಮಾ ಬಂದೇ ಬರುತ್ತದೆ ಎನ್ನುವುದು ಒಂದು. ಇಷ್ಟು ವರ್ಷದಿಂದ ಎಲ್ಲರೂ ಬಳಸುತ್ತಿಲ್ಲವೇ, ಯಾರಿಗೆ ಏನಾಗಿದೆ ಎನ್ನುವುದು ಇನ್ನೊಂದು. ಪುರಾವೆಗಳನ್ನು ಎದುರಿಗಿಟ್ಟುಕೊಂಡು ಕೂತರೆ ಎರಡೂ ನಿಲ್ಲುವುದಿಲ್ಲ.

ಮೂರು ವಾರ ಹೋಗದ ವಾಸನೆ

ಪರಿಮಳದ ಅಣುಗಳು ಹಗುರ, ಬೇಗ ಆವಿಯಾಗುವಂಥವು. ಒಗೆದು ಒಣಗಿಸುವಷ್ಟರಲ್ಲೇ ಅವು ಹಾರಿಹೋಗಬೇಕಿತ್ತು. ಬೀರುವಿನಲ್ಲಿ ಮೂರು ವಾರ ಮಡಿಸಿಟ್ಟ ಹಾಸಿಗೆ ಹೊದಿಕೆಯನ್ನು ಹೊರಗೆ ತೆಗೆದು ಕೊಡವಿದ ಕೂಡಲೇ ಕೋಣೆಯೆಲ್ಲ ಘಂ ಎನ್ನುತ್ತದಲ್ಲ, ಅದರ ಹಿಂದೆ ಸಾಕಷ್ಟು ತಂತ್ರಜ್ಞಾನವಿದೆ. ಸುಗಂಧದ ಎಣ್ಣೆಯನ್ನು ಕೂದಲಿನ ದಪ್ಪಕ್ಕಿಂತಲೂ ಎಷ್ಟೋ ಚಿಕ್ಕದಾದ ಗುಳಿಗೆಗಳೊಳಗೆ ತುಂಬಿರುತ್ತಾರೆ. ಗುಳಿಗೆಯ ಹೊರಕವಚ ಹಲವು ಉತ್ಪನ್ನಗಳಲ್ಲಿ ಮೆಲಮೈನ್ ಮತ್ತು ಫಾರ್ಮಾಲ್ಡಿಹೈಡ್ ಸೇರಿ ಆದ ಗಟ್ಟಿ ಪ್ಲಾಸ್ಟಿಕ್. ಇವು ಎಳೆಗಳ ನಡುವೆ ಸಿಕ್ಕಿಕೊಂಡು ಕೂರುತ್ತವೆ. ಬಟ್ಟೆಯನ್ನು ಉಜ್ಜಿದಾಗ, ಮಡಿಕೆ ಬಿಚ್ಚಿದಾಗ, ದಿಂಬಿನ ಮೇಲೆ ತಲೆ ಹೊರಳಿಸಿದಾಗ ಒಂದಿಷ್ಟು ಒಡೆಯುತ್ತವೆ, ಒಳಗಿನ ಎಣ್ಣೆ ಹೊರಬರುತ್ತದೆ. ಐರೋಪ್ಯ ಒಕ್ಕೂಟ 2023ರಲ್ಲಿ ಮೈಕ್ರೋಪ್ಲಾಸ್ಟಿಕ್ ನಿರ್ಬಂಧ ತಂದಾಗ ಈ ಗುಳಿಗೆಗಳೂ ಅದರ ವ್ಯಾಪ್ತಿಗೆ ಬಂದವು. ಉದ್ಯಮಕ್ಕೆ ಬದಲಿ ಹುಡುಕಿಕೊಳ್ಳಲು 2029ರವರೆಗೆ ಕಾಲಾವಕಾಶ ಸಿಕ್ಕಿದೆ. ಗಮನಿಸಬೇಕಾದ್ದೇನೆಂದರೆ, ಆ ನಿರ್ಬಂಧಕ್ಕೆ ಕಾರಣ ನೀರು ಮತ್ತು ಮಣ್ಣು. ಕೂಸಿನ ಮೂಗಲ್ಲ.

ಫ್ಯಾಬ್ರಿಕ್ ಕಂಡೀಷನರ್ ಕೆಲಸ ಮಾಡುವ ಬಗೆಯೂ ಇಂಥದ್ದೇ. ಕೊನೆಯ ಸಲ ಜಾಲಿಸುವಾಗ ಹಾಕುವ ಈ ದ್ರವದಲ್ಲಿ ಧನ ವಿದ್ಯುದಂಶವಿರುವ ಕೊಬ್ಬಿನಂಥ ಅಣುಗಳಿರುತ್ತವೆ. ನೀರಲ್ಲಿ ನೆಂದ ಎಳೆಗಳಲ್ಲಿ ಋಣ ವಿದ್ಯುದಂಶ. ಎರಡೂ ಅಂಟಿಕೊಂಡು ಬಟ್ಟೆಯ ಮೇಲೆ ತೆಳುವಾದ ಜಿಡ್ಡಿನ ಪದರ ಕೂರುತ್ತದೆ. ಮೆತ್ತಗೆ ಅನಿಸುವುದು ಆ ಪದರದಿಂದ, ಪರಿಮಳ ಹಿಡಿದಿಡುವುದೂ ಅದೇ. ಟವೆಲ್ಲು ನೀರು ಹೀರುವುದು ಕಡಿಮೆಯಾಗುವುದಕ್ಕೂ, ಬೆಂಕಿ ತಡೆಯುವಂತೆ ಮಾಡಿದ ಮಕ್ಕಳ ರಾತ್ರಿಯುಡುಪು ಆ ಗುಣ ಕಳೆದುಕೊಳ್ಳುವುದಕ್ಕೂ ಅದೇ ಕಾರಣ. ಅಂಥ ಉಡುಪಿನ ಒಳಪಟ್ಟಿಯಲ್ಲಿ ಕಂಡೀಷನರ್ ಹಾಕಬೇಡಿ ಎಂದು ಬರೆದಿರುವುದನ್ನು ಓದುವವರು ಕಡಿಮೆ. ಕೊನೆಯ ಜಾಲಿಕೆಯಲ್ಲಿ, ಉಳಿಯಲೆಂದೇ ಹಾಕುವ ವಸ್ತುವನ್ನು ಇನ್ನೊಂದು ಸಲ ಜಾಲಿಸಿ ತೆಗೆಯುತ್ತೇನೆ ಎಂದರೆ ಆಗುವ ಮಾತಲ್ಲ.

ಇದರ ಜೊತೆ ಮೂಗಿನದೊಂದು ಚಾಳಿ ಸೇರಿಕೊಳ್ಳುತ್ತದೆ. ಒಂದೇ ವಾಸನೆಯಲ್ಲಿ ಕೆಲವೇ ನಿಮಿಷ ಇದ್ದರೆ ಮೂಗು ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದನ್ನು ನಿಲ್ಲಿಸುತ್ತದೆ. ದಿನವೂ ಅದೇ ಘಮದಲ್ಲಿರುವವರಿಗೆ ಬಟ್ಟೆಯಲ್ಲಿ ವಾಸನೆಯೇ ಇಲ್ಲ ಅನಿಸಿ, ಮುಚ್ಚಳದ ಅಳತೆ ಮೀರಿ ಇನ್ನಷ್ಟು ಸುರಿಯುತ್ತಾರೆ. ಮನೆಗೆ ಬಂದವರ ಮೂಗಿಗೆ ಮಾತ್ರ ಬಾಗಿಲಲ್ಲೇ ಗೊತ್ತಾಗುತ್ತದೆ.

ಎಳೆಯ ಶ್ವಾಸಕೋಶದ ಲೆಕ್ಕ

ನಾವು ವಿಶ್ರಾಂತಿಯಲ್ಲಿದ್ದಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ನವಜಾತ ಶಿಶುವಿನ ಉಸಿರು ನಿಮಿಷಕ್ಕೆ 40, ಕೆಲವೊಮ್ಮೆ 60ರ ಹತ್ತಿರ. ಮೈತೂಕದ ಒಂದೊಂದು ಕಿಲೋಗೆ ಲೆಕ್ಕ ಹಾಕಿದರೆ ಮಗು ಎಳೆದುಕೊಳ್ಳುವ ಗಾಳಿ ದೊಡ್ಡವರದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಗಾಳಿಯಲ್ಲಿ ಏನಿದ್ದರೂ ಅದರ ಪಾಲೂ ಅಷ್ಟೇ ಹೆಚ್ಚು.

ಗಾಳಿ ಹೋಗುವ ದಾರಿಯಾದರೂ ಎಷ್ಟು ಅಗಲ? ವೈದ್ಯಕೀಯ ಪಠ್ಯಗಳಲ್ಲಿ ಒಂದು ಲೆಕ್ಕ ಕೊಡುತ್ತಾರೆ. ಕೂಸಿನ ಶ್ವಾಸನಾಳದ ವ್ಯಾಸ 4 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಒಳಗೋಡೆ ಸುತ್ತಲೂ ಒಂದೇ ಒಂದು ಮಿಲಿಮೀಟರ್ ಊದಿಕೊಂಡರೆ ದಾರಿ 2 ಮಿಲಿಮೀಟರಿಗೆ ಇಳಿಯುತ್ತದೆ, ಗಾಳಿಗೆ ಎದುರಾಗುವ ತಡೆ 16 ಪಟ್ಟು ಏರುತ್ತದೆ. ದೊಡ್ಡವರ 8 ಮಿಲಿಮೀಟರ್ ನಾಳ ಅಷ್ಟೇ ಊದಿಕೊಂಡರೆ ತಡೆ ಏರುವುದು ಮೂರು ಪಟ್ಟು. ದೊಡ್ಡವರಿಗೆ ಗಂಟಲು ಕೆರೆತವಾಗಿ ಮುಗಿಯುವ ಕಿರಿಕಿರಿ ಎಳೆಕೂಸಿಗೆ ಏದುಸಿರಾಗುವುದು ಹೀಗೆ. ಮೊದಲ ಕೆಲವು ತಿಂಗಳು ಮಕ್ಕಳು ಬಹುಮಟ್ಟಿಗೆ ಮೂಗಿನಿಂದಲೇ ಉಸಿರಾಡುತ್ತವೆ. ಮೂಗು ಕಟ್ಟಿದರೆ ಹಾಲು ಕುಡಿಯುವುದಕ್ಕೂ ಕಷ್ಟ, ನಿದ್ದೆಗೂ ಕಷ್ಟ.

ಶ್ವಾಸಕೋಶ ಹುಟ್ಟುವಾಗಲೇ ಪೂರ್ತಿ ಆಗಿರುವುದಿಲ್ಲ ಎನ್ನುವುದು ಇನ್ನೊಂದು ಸಂಗತಿ. ಆಮ್ಲಜನಕ ರಕ್ತಕ್ಕೆ ದಾಟುವ ಪುಟ್ಟ ಗಾಳಿಚೀಲಗಳು ವಯಸ್ಕರಲ್ಲಿ ಸರಾಸರಿ 48 ಕೋಟಿಯಷ್ಟಿರುತ್ತವೆ. ಹುಟ್ಟುವಾಗ ಇರುವುದು ಅದರಲ್ಲೊಂದು ಸಣ್ಣ ಪಾಲು. ಮಿಕ್ಕವು ಮೂಡುವ ಕೆಲಸ ಮೊದಲ ಎರಡು ಮೂರು ವರ್ಷಗಳಲ್ಲಿ ಭರದಿಂದ ನಡೆಯುತ್ತದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳಲ್ಲಿ ಈ ಕೆಲಸ ಇನ್ನೂ ಹಿಂದೆ ಬಿದ್ದಿರುತ್ತದೆ.

ಇಂಥ ಮಗು ದಿನದ 14ರಿಂದ 17 ಗಂಟೆ ನಿದ್ದೆಯಲ್ಲಿ ಕಳೆಯುತ್ತದೆ. ಮುಖ ಹಾಸಿಗೆಗೆ ಗೇಣು ದೂರದಲ್ಲಿ, ಎಷ್ಟೋ ಸಲ ಬಟ್ಟೆಗೆ ತಾಗಿಕೊಂಡೇ. ಟೆಕ್ಸಾಸ್ ವಿಶ್ವವಿದ್ಯಾಲಯದ ಎಂಜಿನಿಯರುಗಳು ತೊಟ್ಟಿಲ ಹಾಸಿಗೆಗಳನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಗೇಣು ಜಾಗದ್ದೇ ಕಥೆ. ಮಲಗಿದ ಮಗುವಿನ ಮೂಗಿನ ಸುತ್ತ ಆವಿಯಾಗುವ ರಾಸಾಯನಿಕಗಳ ಪ್ರಮಾಣ ಕೋಣೆಯ ಮಿಕ್ಕ ಗಾಳಿಗಿಂತ ಹೆಚ್ಚಿತ್ತು. ಮೈ ಬಿಸಿ ತಾಗಿದಾಗ ಅವು ಹೊರಬರುವುದೂ ಹೆಚ್ಚಿತ್ತು. ಹಾಸಿಗೆಯಿಂದ ಹೊರಬಂದವುಗಳಲ್ಲಿ ಲಿಮೋನೀನ್ ಮತ್ತು ಲಿನಲೂಲ್ ಇದ್ದವು. ಇವೆರಡೂ ಒಗೆಯುವ, ಒರೆಸುವ ಸಾಮಾನುಗಳ ಪರಿಮಳದಲ್ಲಿ ಸದಾ ಸಿಗುವ ಹೆಸರುಗಳು. ಮನೆಯ ಗಾಳಿಯನ್ನು ಕೋಣೆಯ ನಡುವೆ ಯಂತ್ರವಿಟ್ಟು ಅಳೆದರೆ ತೊಟ್ಟಿಲೊಳಗಿನ ಗಾಳಿಯ ಸುದ್ದಿ ಸಿಗುವುದಿಲ್ಲ ಎಂದಾಯಿತು.

ಗಾಳಿಯಲ್ಲಿ ಏನೇನು?

ಅಮೆರಿಕದಲ್ಲಿ ಆನ್ ಸ್ಟೈನ್‌ಮನ್ ಎಂಬ ವಿಜ್ಞಾನಿ 25 ಪರಿಮಳಯುಕ್ತ ಉತ್ಪನ್ನಗಳನ್ನು ಆರಿಸಿಕೊಂಡು, ಅವುಗಳಿಂದ ಏನೇನು ಆವಿಯಾಗುತ್ತದೆ ಎಂದು ನೋಡಿದರು. ಒಗೆಯುವ ಸಾಮಾನುಗಳೂ ಅದರಲ್ಲಿದ್ದವು. 2011ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ಸಿಕ್ಕಿದ್ದು 133 ಬೇರೆಬೇರೆ ಸಂಯುಕ್ತಗಳು, ಒಂದೊಂದು ಉತ್ಪನ್ನಕ್ಕೆ ಸರಾಸರಿ 17. ಅವುಗಳಲ್ಲಿ 24 ಅಮೆರಿಕದ ಕಾನೂನುಗಳ ಪ್ರಕಾರವೇ ವಿಷಕಾರಿ ಅಥವಾ ಅಪಾಯಕಾರಿ ಪಟ್ಟಿಯಲ್ಲಿದ್ದವು. ಆ 133ರಲ್ಲಿ ಯಾವುದಾದರೂ ಡಬ್ಬಿಯ ಮೇಲೆ ನಮೂದಾಗಿದ್ದ ಹೆಸರು ಒಂದೇ, ಎಥನಾಲ್. ಅದೇ ವರ್ಷ ಅವರ ತಂಡ ಬಟ್ಟೆ ಒಣಗಿಸುವ ಯಂತ್ರದ ಹೊಗೆಕೊಳವೆಯಿಂದ ಬರುವ ಗಾಳಿಯನ್ನೂ ಪರೀಕ್ಷಿಸಿತು. ಪರಿಮಳದ ಡಿಟರ್ಜೆಂಟ್ ಮತ್ತು ಡ್ರೈಯರ್ ಶೀಟ್ (ಒಣಗಿಸುವ ಯಂತ್ರದಲ್ಲಿ ಬಟ್ಟೆಯ ಜೊತೆ ಹಾಕುವ ಪರಿಮಳದ ಹಾಳೆ) ಬಳಸಿದಾಗ 25ಕ್ಕೂ ಹೆಚ್ಚು ಸಂಯುಕ್ತಗಳು ಸಿಕ್ಕವು. ಅಸಿಟಾಲ್ಡಿಹೈಡ್, ಬೆಂಜೀನ್ ಕೂಡ ಇದ್ದವು.

ಹೆದರಿಸುವ ವೀಡಿಯೊಗಳೆಲ್ಲ ಇಲ್ಲಿಗೆ ನಿಲ್ಲುತ್ತವೆ. ನಾವು ಇನ್ನೊಂದು ಹೆಜ್ಜೆ ಹೋಗಬೇಕು. ಒಂದು ವಸ್ತು ಇದೆ ಎಂದು ಯಂತ್ರ ತೋರಿಸುವುದಕ್ಕೂ, ಕೆಡುಕು ಮಾಡುವಷ್ಟು ಇದೆ ಎನ್ನುವುದಕ್ಕೂ ಬಹಳ ಅಂತರವಿದೆ. ಇಂದಿನ ಉಪಕರಣಗಳು ಅತ್ಯಲ್ಪ ಪ್ರಮಾಣವನ್ನೂ ಹಿಡಿಯುತ್ತವೆ. ಡ್ರೈಯರ್ ಪರೀಕ್ಷೆ ಬೆರಳೆಣಿಕೆಯ ಯಂತ್ರಗಳ ಮೇಲೆ ನಡೆದದ್ದು. ಹಾಗೆಯೇ 2016ರ ಅವರ ಸಮೀಕ್ಷೆಯಲ್ಲಿ ಅಮೆರಿಕದ ವಯಸ್ಕರಲ್ಲಿ ಶೇ. 34.7ರಷ್ಟು ಮಂದಿ ಪರಿಮಳದ ಉತ್ಪನ್ನಗಳಿಂದ ತಮಗೆ ತಲೆನೋವು, ಉಸಿರಾಟದ ತೊಂದರೆಯಂಥವು ಆಗಿವೆ ಎಂದರು. ಅದು ಅವರೇ ಹೇಳಿಕೊಂಡದ್ದು, ವೈದ್ಯರು ತಪಾಸಣೆ ಮಾಡಿ ಬರೆದದ್ದಲ್ಲ. ಹಾಗೆಂದು ಮೂರನೇ ಒಂದು ಪಾಲು ಜನರ ಮಾತನ್ನು ಬರೀ ಭ್ರಮೆ ಎಂದು ತಳ್ಳಿಹಾಕುವುದೂ ನನಗೆ ಸರಿಕಾಣುವುದಿಲ್ಲ. ಮಾತು ಬಾರದ ಕೂಸನ್ನಂತೂ ಇಂಥ ಸಮೀಕ್ಷೆಯಲ್ಲಿ ಕೇಳುವ ಹಾಗೇ ಇಲ್ಲ.

ಡಬ್ಬಿಯಿಂದ ಬರುವುದಷ್ಟೇ ಅಲ್ಲ, ಕೋಣೆಯಲ್ಲೇ ಹೊಸದಾಗಿ ಹುಟ್ಟುವುದೂ ಇದೆ. ಲಿಮೋನೀನ್ ಅಣುವಿನಲ್ಲಿ ಓಝೋನ್ ಬಂದು ಹಿಡಿಯಲು ಅನುಕೂಲವಾದ ಜೋಡಿಬಂಧಗಳಿವೆ. ಓಝೋನ್ ಹೊರಗಿನ ಗಾಳಿಯಿಂದ ಮನೆಯೊಳಗೆ ಬರುತ್ತದೆ, ಕೆಲವು ಬಗೆಯ ಗಾಳಿ ಶುದ್ಧೀಕರಣ ಯಂತ್ರಗಳೂ ಅದನ್ನು ಉಗುಳುತ್ತವೆ. ಎರಡೂ ಕೂಡಿದಾಗ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ, ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲ ಅತಿಸೂಕ್ಷ್ಮ ಕಣಗಳೂ ಹುಟ್ಟುತ್ತವೆ. ವಿಲಿಯಂ ನಜರೋಫ್ ಮತ್ತು ಚಾರ್ಲ್ಸ್ ವೆಶ್ಲರ್ 2004ರಲ್ಲಿ ಈ ರಸಾಯನವನ್ನು ವಿವರವಾಗಿ ಬಿಡಿಸಿಟ್ಟಿದ್ದಾರೆ. ಇಲ್ಲಿ ‘ನೈಸರ್ಗಿಕ’ ಎಂಬ ಹಣೆಪಟ್ಟಿ ಯಾವ ಕೆಲಸಕ್ಕೂ ಬರುವುದಿಲ್ಲ. ಕಿತ್ತಳೆ ಸಿಪ್ಪೆಯಿಂದ ತೆಗೆದ ಲಿಮೋನೀನ್, ಕಾರ್ಖಾನೆಯಲ್ಲಿ ಮಾಡಿದ ಲಿಮೋನೀನ್ ಎಂದು ಓಝೋನ್ ಭೇದ ಮಾಡುವುದಿಲ್ಲ. ಡಬ್ಬಿಯ ಪರಿಮಳ ಬೇಡವೆಂದು ಬಿಟ್ಟು, ಲ್ಯಾವೆಂಡರ್ ಎಣ್ಣೆಯ ನಾಲ್ಕು ಹನಿಯನ್ನು ಜಾಲಿಸುವ ನೀರಿಗೆ ಹಾಕುವವರು ಬದಲಾಯಿಸಿದ್ದು ಹೆಸರನ್ನು ಮಾತ್ರ.

ಮಕ್ಕಳನ್ನೇ ನೋಡಿದ ಅಧ್ಯಯನಗಳು

ಬ್ರಿಟನ್ನಿನ ಬ್ರಿಸ್ಟಲ್ ಸುತ್ತಮುತ್ತ 1991-92ರಲ್ಲಿ ಹುಟ್ಟಿದ ಮಕ್ಕಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ ಆಲ್ಸ್‌ಪ್ಯಾಕ್ ಎಂಬ ದೊಡ್ಡ ಅಧ್ಯಯನವಿದೆ. ಗರ್ಭಿಣಿಯಾಗಿದ್ದಾಗ ತಾಯಂದಿರು ಬ್ಲೀಚು, ಏರೋಸಾಲ್, ಏರ್ ಫ್ರೆಶ್ನರ್ ಮುಂತಾದ ಮನೆಬಳಕೆಯ ರಾಸಾಯನಿಕಗಳನ್ನು ಎಷ್ಟು ಬಳಸುತ್ತಿದ್ದರು ಎಂದು ಕೇಳಿ, ಆಮೇಲೆ ಮಕ್ಕಳ ಉಸಿರಾಟದ ದಾಖಲೆಗಳ ಜೊತೆ ತಾಳೆ ನೋಡಿದರು. 2005ರಲ್ಲಿ ಬಂದ ವರದಿಯ ಪ್ರಕಾರ, ಅತಿ ಹೆಚ್ಚು ಬಳಸುತ್ತಿದ್ದ ಹತ್ತನೇ ಒಂದು ಪಾಲು ತಾಯಂದಿರ ಮಕ್ಕಳಲ್ಲಿ ಬಿಟ್ಟೂಬಿಡದ ವೀಜಿಂಗ್ ಕಾಣುವ ಸಂಭವ, ಅತಿ ಕಡಿಮೆ ಬಳಸುತ್ತಿದ್ದವರ ಮಕ್ಕಳಿಗಿಂತ ಎರಡು ಪಟ್ಟಿಗೂ ಮೇಲಿತ್ತು. ಉಸಿರು ಬಿಡುವಾಗ ಎದೆಯಿಂದ ಸುಂಯ್ ಎಂದು ಕೇಳುವ ಸದ್ದನ್ನೇ ವೈದ್ಯರು ವೀಜಿಂಗ್ ಎನ್ನುವುದು.

ಇದಕ್ಕಿಂತ ಹೆಚ್ಚು ಹತ್ತಿರದ್ದು ಕೆನಡಾದ ಚೈಲ್ಡ್ ಅಧ್ಯಯನ. ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಟಿಮ್ ಟಕಾರೊ ಮತ್ತು ಸಂಗಡಿಗರು ಅದರ ಫಲಿತಾಂಶವನ್ನು 2020ರಲ್ಲಿ ಪ್ರಕಟಿಸಿದರು. 2,022 ಮಕ್ಕಳು. ಮಗುವಿಗೆ ಮೂರು ನಾಲ್ಕು ತಿಂಗಳಾಗಿದ್ದಾಗ ಮನೆಯಲ್ಲಿ 26 ಬಗೆಯ ಸ್ವಚ್ಛತಾ ಸಾಮಾನುಗಳನ್ನು ಎಷ್ಟು ಸಲ ಬಳಸುತ್ತೀರಿ ಎಂದು ಹೆತ್ತವರನ್ನು ಕೇಳಿದರು. ಒಗೆಯುವ ಸೋಪೂ ಆ ಪಟ್ಟಿಯಲ್ಲಿತ್ತು. ಮೂರು ವರ್ಷವಾದಾಗ ಮಕ್ಕಳನ್ನು ಪರೀಕ್ಷಿಸಿದರು. ಹೆಚ್ಚು ಬಳಸುತ್ತಿದ್ದ ಮನೆಗಳ ಮಕ್ಕಳಲ್ಲಿ ಶೇ. 7.9 ಮಂದಿಗೆ ಅಸ್ತಮಾ ಇತ್ತು, ಕಡಿಮೆ ಬಳಸುತ್ತಿದ್ದ ಮನೆಗಳಲ್ಲಿ ಶೇ. 4.8 ಮಂದಿಗೆ. ಸಂಬಂಧ ಎದ್ದು ಕಂಡದ್ದು ಪರಿಮಳದ ಮತ್ತು ಸ್ಪ್ರೇ ಮಾಡುವ ಸಾಮಾನುಗಳಲ್ಲಿ.

ನೂರಕ್ಕೆ ಮೂರು ಮಕ್ಕಳ ವ್ಯತ್ಯಾಸ. ಪಟ್ಟಿನ ಲೆಕ್ಕದಲ್ಲಿ ಹೇಳಿದರೆ ಭಯವಾಗುತ್ತದೆ, ಹೀಗೆ ಹೇಳಿದರೆ ಅಳತೆ ಗೊತ್ತಾಗುತ್ತದೆ. ಹೆಚ್ಚು ಬಳಸುವ ಮನೆಯಲ್ಲೂ ನೂರರಲ್ಲಿ 92 ಮಕ್ಕಳಿಗೆ ಅಸ್ತಮಾ ಬರಲಿಲ್ಲ. ಮತ್ತೆ, ಇದು ಸಂಬಂಧವಷ್ಟೇ. ಕಾರಣ ಎಂದು ಸಾಬೀತಾಗಿಲ್ಲ. ಹೆಚ್ಚು ಒರೆಸಿ ತೊಳೆಯುವ ಮನೆಗಳು ಬೇರೆ ರೀತಿಯಲ್ಲೂ ಬೇರೆಯಿರಬಹುದು. ಹೆತ್ತವರ ನೆನಪಿನ ಮೇಲೆ ನಿಂತ ಲೆಕ್ಕ ಬೇರೆ. ಉಬ್ಬಸ ಶುರುವಾದ ಮೇಲಲ್ಲ, ಎಳೆಕೂಸಾಗಿದ್ದಾಗಲೇ ಬಳಕೆಯ ಬಗ್ಗೆ ಕೇಳಿಟ್ಟುಕೊಂಡದ್ದು ಮಾತ್ರ ಈ ಅಧ್ಯಯನದ ಗಟ್ಟಿತನ. ನಮ್ಮ ವಿಷಯಕ್ಕೆ ಮುಖ್ಯವಾದ ಮಿತಿ ಇನ್ನೊಂದಿದೆ. ಅಲ್ಲಿ ಅಳೆದದ್ದು ಎಲ್ಲ ಸಾಮಾನುಗಳ ಒಟ್ಟು ಬಳಕೆಯನ್ನು. ಪರಿಮಳದ ಡಿಟರ್ಜೆಂಟನ್ನೇ ಬೇರೆ ಮಾಡಿ, ಇದರಿಂದಲೇ ಇಷ್ಟು ಎಂದು ಹೇಳುವ ಲೆಕ್ಕ ಅದರಲ್ಲಿಲ್ಲ.

ಮೂರು ವರ್ಷದ ಮಗುವಿಗೆ ಅಸ್ತಮಾ ಎಂದು ಹೇಳುವುದೂ ಸುಲಭದ ಕೆಲಸವಲ್ಲ. ಆ ವಯಸ್ಸಿನ ಉಬ್ಬಸಕ್ಕೆ ಬಹುಪಾಲು ಕಾರಣ ವೈರಸ್ ಸೋಂಕು. ಅರಿಜೋನಾದ ಟ್ಯೂಸಾನ್‌ನಲ್ಲಿ 826 ಮಕ್ಕಳನ್ನು ಹುಟ್ಟಿನಿಂದ ಆರು ವರ್ಷದವರೆಗೆ ನೋಡಿದ ಅಧ್ಯಯನವೊಂದು 1995ರಲ್ಲಿ ಬಂತು. ಅರ್ಧದಷ್ಟು ಮಕ್ಕಳಿಗೆ ಆರರೊಳಗೆ ಒಮ್ಮೆಯಾದರೂ ವೀಜಿಂಗ್ ಆಗಿತ್ತು. ಸುಮಾರು ಐದನೇ ಒಂದು ಪಾಲು ಮಕ್ಕಳಿಗೆ ಮೂರರೊಳಗೆ ಕಾಣಿಸಿಕೊಂಡಿದ್ದ ಅದು ಆರಾಗುವಷ್ಟರಲ್ಲಿ ಇಲ್ಲವಾಗಿತ್ತು. ಹಾಗಾಗಿ ಮಗುವಿನ ಎದೆ ಸುಂಯ್ ಎಂದ ಕೂಡಲೇ ಡಿಟರ್ಜೆಂಟ್ ಡಬ್ಬಿಯನ್ನು ಬೈಯುವುದು ಆತುರ. ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಿದ್ದರೆ, ಗೋಡೆಯಲ್ಲಿ ಬೂಷ್ಟು ಹಿಡಿದಿದ್ದರೆ, ಸೌದೆಯ ಹೊಗೆ ತುಂಬುತ್ತಿದ್ದರೆ ಮೊದಲು ಕೈ ಹಾಕಬೇಕಾದ್ದು ಅಲ್ಲಿಗೆ. ಪರಿಮಳದ ಸರದಿ ಆಮೇಲೆ.

ಕಾರ್ಖಾನೆಯ ಪಾಠ

ಒಗೆಯುವ ಪುಡಿ ಉಸಿರಾಟಕ್ಕೆ ತೊಂದರೆ ಮಾಡಿದ್ದಕ್ಕೆ ಯಾರೂ ಅಲ್ಲಗಳೆಯದ ನಿದರ್ಶನ ಒಂದಿದೆ. ಅದು ಪರಿಮಳದ್ದಲ್ಲ, ಕಿಣ್ವದ್ದು. 1960ರ ದಶಕದಲ್ಲಿ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾದಿಂದ ತೆಗೆದ ಪ್ರೋಟೀನ್ ಕರಗಿಸುವ ಕಿಣ್ವವನ್ನು ಡಿಟರ್ಜೆಂಟ್ ಪುಡಿಗೆ ಬೆರೆಸತೊಡಗಿದರು. ಕಾರ್ಖಾನೆಯ ಕೆಲಸಗಾರರು ಆ ದೂಳು ಕುಡಿದು ಅಸ್ತಮಾಕ್ಕೆ ಬಿದ್ದರು. 1969ರಲ್ಲಿ ಬ್ರಿಟನ್ನಿನ ವೈದ್ಯ ಫ್ಲಿಂಡ್ಟ್ ಇದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಆಮೇಲೆ ಕಂಪನಿಗಳು ಕಿಣ್ವವನ್ನು ದೂಳೇಳದ ಹಾಗೆ ಮೇಣದಂಥ ಕವಚವಿರುವ ಹರಳುಗಳಾಗಿ ಮಾಡಿದವು, ಕಾರ್ಖಾನೆಯ ಗಾಳಿಯ ಮೇಲೆ ನಿಗಾ ಇಟ್ಟವು. ರೋಗ ಬಹಳಷ್ಟು ಇಳಿಯಿತು. ಕಿಣ್ವವನ್ನು ಕೈಬಿಡಬೇಕಾಗಲಿಲ್ಲ, ಗಾಳಿಗೆ ಏರದಂತೆ ನೋಡಿಕೊಂಡರೆ ಸಾಕಾಯಿತು.

ಪರಿಮಳಕ್ಕೆ ಆ ದಾರಿ ಹಿಡಿಯುವಂತಿಲ್ಲ. ಗಾಳಿಗೆ ಏರದ ಪರಿಮಳ ಇದ್ದೂ ಇಲ್ಲದ ಹಾಗೆ.

ಗಾಳಿಗೆ ಏರುವುದೇ ಅಸಲು ವಿಷಯ ಎನ್ನುವುದಕ್ಕೆ ಯುರೋಪಿನ ದೊಡ್ಡವರ ಅಧ್ಯಯನವೂ ಪುಷ್ಟಿ ಕೊಡುತ್ತದೆ. ಹತ್ತು ದೇಶಗಳ 3,503 ಜನರನ್ನು ನೋಡಿ 2007ರಲ್ಲಿ ಪ್ರಕಟವಾದ ಆ ವರದಿಯಲ್ಲಿ, ವಾರಕ್ಕೊಮ್ಮೆಯಾದರೂ ಸ್ವಚ್ಛತಾ ಸ್ಪ್ರೇ ಬಳಸುವವರಲ್ಲಿ ಅಸ್ತಮಾ ಲಕ್ಷಣಗಳ ಸಂಭವ ಸುಮಾರು ಒಂದೂವರೆ ಪಟ್ಟು. ಸ್ಪ್ರೇ ಅಲ್ಲದ, ಸುರಿದು ಒರೆಸುವ ಸಾಮಾನುಗಳಲ್ಲಿ ಅಂಥ ಸಂಬಂಧ ಕಾಣಲಿಲ್ಲ. ಇದು ಡಿಟರ್ಜೆಂಟ್ ಪರ ಸಾಕ್ಷಿಯೂ ಹೌದು, ನೀರಲ್ಲಿ ಕರಗಿಸಿ ಬಳಸುವ ಪುಡಿಯೋ ದ್ರವವೋ ಸ್ಪ್ರೇಯಂತೆ ಹನಿಹನಿಯಾಗಿ ಮುಖಕ್ಕೆ ಬರುವುದಿಲ್ಲ. ಆದರೆ ಒಗೆಯದೆಯೇ ಬಟ್ಟೆ, ಪರದೆ, ಹಾಸಿಗೆಗಳಿಗೆ ಹೊಡೆಯುವ ‘ಫ್ರೆಶ್ನರ್’ ಸ್ಪ್ರೇಗಳು, ಇಸ್ತ್ರಿ ಮಾಡುವಾಗ ಹೊಡೆಯುವ ಪರಿಮಳದ ನೀರು ನೇರವಾಗಿ ಈ ಗುಂಪಿಗೇ ಸೇರುತ್ತವೆ. ಇಡೀ ಸಾಲಿನಲ್ಲಿ ಒಂದನ್ನೇ ಬಿಡಿ ಎಂದರೆ ನಾನು ಮೊದಲು ಬೊಟ್ಟು ಮಾಡುವುದು ಇವುಗಳ ಕಡೆಗೆ.

ಡಬ್ಬಿ ಹೇಳದ್ದು

ಪರಿಮಳದ ಮಿಶ್ರಣದಲ್ಲಿ ಹತ್ತಾರು, ಕೆಲವೊಮ್ಮೆ ನೂರಕ್ಕೂ ಹೆಚ್ಚು ಪದಾರ್ಥಗಳಿರಬಹುದು. ಡಬ್ಬಿಯ ಮೇಲೆ ‘ಪರ್ಫ್ಯೂಮ್’ ಎಂದು ಬರೆದುಬಿಟ್ಟರೆ ಬಹಳ ಕಡೆ ಅಲ್ಲಿಗೆ ಮುಗಿಯಿತು, ಮಿಕ್ಕದ್ದು ವ್ಯಾಪಾರದ ಗುಟ್ಟು. ಯುರೋಪಿನ 2004ರ ಡಿಟರ್ಜೆಂಟ್ ನಿಯಮ 26 ಪರಿಮಳದ್ರವ್ಯಗಳು ಶೇ. 0.01 ಮೀರಿದ್ದರೆ ಹೆಸರು ಹಾಕಬೇಕು ಎಂದಿತು. ಸೌಂದರ್ಯ ಸಾಧನಗಳಿಗೆ ಈ ಪಟ್ಟಿಯನ್ನು 2023ರಲ್ಲಿ 80ರಿಂದಾಚೆಗೆ ಹಿಗ್ಗಿಸಿದರು. ಕ್ಯಾಲಿಫೋರ್ನಿಯಾ 2017ರಲ್ಲಿ ಸ್ವಚ್ಛತಾ ಸಾಮಾನುಗಳ ಪದಾರ್ಥ ತಿಳಿಸಲೇಬೇಕೆಂಬ ಕಾನೂನು ಮಾಡಿತು. ಒಳ್ಳೆಯದೇ. ಆದರೆ ಯುರೋಪಿನ ಆ 26 ಹೆಸರುಗಳು ಪಟ್ಟಿಗೆ ಸೇರಿದ್ದು ಚರ್ಮದ ಅಲರ್ಜಿ ತರುತ್ತವೆ ಎಂಬ ಕಾರಣಕ್ಕೆ. ಮೈಮೇಲೆ ದದ್ದು ಏಳಿಸುವುದನ್ನು ಹೆಸರಿಸಬೇಕು ಎನ್ನುವ ಕಾನೂನು, ಉಸಿರಾಟಕ್ಕೆ ಕಿರಿಕಿರಿ ಮಾಡುವುದರ ಬಗ್ಗೆ ಸುಮ್ಮನಿದೆ. ಆವಿಯಾಗುವುದೇ ಕಸುಬಾದ ವಸ್ತುವನ್ನು ಚರ್ಮದ ಮೇಲೆ ಪರೀಕ್ಷಿಸಿ ಸುರಕ್ಷಿತ ಎನ್ನುವುದು ವಿಚಿತ್ರ ನ್ಯಾಯ.

ಮಕ್ಕಳ ಹೆಸರಿನಲ್ಲಿ ಮಾರುವ ಡಿಟರ್ಜೆಂಟುಗಳೇನೂ ಇದಕ್ಕೆ ಹೊರತಲ್ಲ. ಮಗುವಿನ ಚಿತ್ರ, ತಿಳಿಬಣ್ಣದ ಡಬ್ಬಿ, ಒಳಗೆ ‘ಮಗುವಿನ ಘಮ’ ಎಂದು ದೊಡ್ಡವರು ಒಪ್ಪಿಕೊಂಡ ಪೌಡರ್ ವಾಸನೆ. ‘ಹೈಪೋಅಲರ್ಜೆನಿಕ್’ ಎಂಬ ಮಾತಿಗೆ ಅಮೆರಿಕದಲ್ಲೂ ಸರ್ಕಾರದ ವ್ಯಾಖ್ಯೆಯಿಲ್ಲ, ಕಂಪನಿ ಹೇಳಿದ್ದೇ ಅರ್ಥ. ಕೊಳ್ಳುವಾಗ ನೋಡಬೇಕಾದ್ದು ‘ಫ್ರಾಗ್ರೆನ್ಸ್ ಫ್ರೀ’ ಎಂದಿದೆಯೇ ಎಂದು. ‘ಅನ್‌ಸೆಂಟೆಡ್’ ಎಂದಿದ್ದರೆ ಮೂಲವಾಸನೆ ಮುಚ್ಚಲು ಇನ್ನೊಂದು ಪರಿಮಳ ಹಾಕಿರುವ ಸಾಧ್ಯತೆ ಇದೆ.

ಮಗುವಿನ ಮೂಗಿಗೆ ಬೇಕಾದದ್ದು ಬೇರೆಯೇ ಎನ್ನುವುದಕ್ಕೆ 1994ರ ಒಂದು ಪುಟ್ಟ ಪ್ರಯೋಗ ನೆನಪಾಗುತ್ತದೆ. ಆಗತಾನೇ ಹುಟ್ಟಿದ 30 ಮಕ್ಕಳನ್ನು ತಾಯಿಯ ಎದೆಯ ಮೇಲೆ ಮಲಗಿಸಿದರು. ಒಂದು ಮೊಲೆಯನ್ನು ತೊಳೆದಿದ್ದರು, ಇನ್ನೊಂದನ್ನು ಹಾಗೇ ಬಿಟ್ಟಿದ್ದರು. 22 ಮಕ್ಕಳು ತೊಳೆಯದ ಕಡೆಗೇ ಹೋದವು.

ಮನೆಯಲ್ಲಿ ಮಾಡಬಹುದಾದ್ದು

ಪುರಾವೆ ಪೂರ್ತಿಯಾಗುವವರೆಗೆ ಕಾಯಬೇಕೇ? ಔಷಧಿಯ ವಿಚಾರವಾಗಿದ್ದರೆ ಕಾಯಿರಿ ಎನ್ನುತ್ತಿದ್ದೆ, ಏಕೆಂದರೆ ಔಷಧಿ ಬಿಟ್ಟರೆ ನಷ್ಟವಿದೆ. ಪರಿಮಳ ಬಿಟ್ಟರೆ ಬಟ್ಟೆ ಅಷ್ಟೇ ಚೊಕ್ಕಟ, ಖರ್ಚು ಸ್ವಲ್ಪ ಕಡಿಮೆ. ಕಳೆದುಕೊಳ್ಳುವುದೇನೂ ಇಲ್ಲದ ಕಡೆ ಸಣ್ಣ ಅನುಮಾನವೇ ಸಾಕು.

ಮಗುವಿನ ಬಟ್ಟೆಗೆ ಪರಿಮಳವಿಲ್ಲದ ಡಿಟರ್ಜೆಂಟ್, ಕಂಡೀಷನರ್ ಬೇಡ. ಮಗುವಿನದಷ್ಟೇ ಬೇರೆ ಒಗೆದು ಪ್ರಯೋಜನ ಅರ್ಧ ಮಾತ್ರ. ಎತ್ತಿಕೊಳ್ಳುವವರ ಹೆಗಲ ಮೇಲಿನ ಬಟ್ಟೆ, ಪಕ್ಕದಲ್ಲಿ ಮಲಗುವವರ ದಿಂಬು, ಹೊದಿಕೆ ಎಲ್ಲವೂ ಮಗುವಿನ ಮೂಗಿನ ಹತ್ತಿರದವೇ. ಅಳತೆ ಮೀರಿ ಹಾಕಿದ ಡಿಟರ್ಜೆಂಟ್ ಬಟ್ಟೆಯಲ್ಲೇ ಉಳಿಯುತ್ತದೆ, ಆದ್ದರಿಂದ ಕಡಿಮೆ ಹಾಕಿ ಚೆನ್ನಾಗಿ ಜಾಲಿಸುವುದು ಮೇಲು. ಪುಡಿಯನ್ನು ಮೇಲಿನಿಂದ ಸುರಿದು ದೂಳೆಬ್ಬಿಸಬಾರದು. ಮಗು ಮಲಗುವ ಕೋಣೆಯಲ್ಲಿ ಬಟ್ಟೆ ಒಣಹಾಕುವ ಬದಲು ಗಾಳಿಯಾಡುವ ಬೇರೆ ಜಾಗ ನೋಡುವುದು ಒಳ್ಳೆಯದು. ಒದ್ದೆ ಬಟ್ಟೆ ಆರುವಾಗ ವಾಸನೆಯೂ ಹೆಚ್ಚು, ಕೋಣೆಯ ತೇವವೂ ಹೆಚ್ಚಿ ಬೂಷ್ಟಿಗೆ ದಾರಿಯಾಗುತ್ತದೆ.

ಬೇರೆ ಮಗು ಹಾಕಿ ಬಿಟ್ಟ ಬಟ್ಟೆ ಬಂದಾಗ ಅದರ ಘಮ ಒಂದೇ ಒಗೆತಕ್ಕೆ ಹೋಗುವುದಿಲ್ಲ. ಗುಳಿಗೆಗಳು, ಜಿಡ್ಡಿನ ಪದರ ಎರಡೂ ಮೊಂಡು. ಪರಿಮಳವಿಲ್ಲದ ಡಿಟರ್ಜೆಂಟಿನಲ್ಲಿ ಬಿಸಿನೀರಿಗೆ ಹಾಕಿ ನಾಲ್ಕಾರು ಸಲ ಒಗೆದು, ನಡುನಡುವೆ ಹೊರಗೆ ಗಾಳಿಗೆ ಬಿಡಬೇಕಾಗುತ್ತದೆ. ಅದನ್ನು ಮೊದಲೇ ಮಾಡಿಟ್ಟುಕೊಂಡರೆ ಒಳ್ಳೆಯದು, ಮಗು ಬಂದ ಮೇಲೆ ಪುರುಸೊತ್ತು ಸಿಗುವುದಿಲ್ಲ.

ಪರಿಮಳದ ಬಗ್ಗೆ ಇಷ್ಟೆಲ್ಲ ಯೋಚಿಸುವ ಮನೆಯಲ್ಲಿ ಡಿಟರ್ಜೆಂಟ್ ಪಾಡ್‌ಗಳಿದ್ದರೆ ಮೊದಲು ಅವನ್ನು ಎತ್ತರದ ಬೀಗದ ಕಪಾಟಿಗೆ ಸೇರಿಸಬೇಕು. ಇದು ಅನುಮಾನದ ವಿಷಯವಲ್ಲ. ಬಣ್ಣಬಣ್ಣದ ಆ ಮೆತ್ತನೆಯ ಪೊಟ್ಟಣ ಬಾಯಿಗೆ ಹೋದರೆ ತೆಳು ಪೊರೆ ಎಂಜಲಿಗೆ ಕರಗಿ, ಗಟ್ಟಿ ಡಿಟರ್ಜೆಂಟ್ ಗಂಟಲಿಗೆ ನುಗ್ಗುತ್ತದೆ. ವಾಂತಿಯಾಗಿ ನೊರೆ ಶ್ವಾಸನಾಳಕ್ಕೆ ಹೋಗಿ ಉಸಿರು ಕಟ್ಟಿದ ಮಕ್ಕಳಿದ್ದಾರೆ. 2012 ಮತ್ತು 2013ರಲ್ಲಿ ಅಮೆರಿಕದ ವಿಷಚಿಕಿತ್ಸಾ ಕೇಂದ್ರಗಳಿಗೆ ಬಂದ ಇಂಥ ಕರೆಗಳಲ್ಲಿ ಆರು ವರ್ಷದೊಳಗಿನ ಮಕ್ಕಳವೇ 17,230. ಹೆಚ್ಚುಕಡಿಮೆ ಗಂಟೆಗೊಂದು.

ಇನ್ನು ಉಸಿರಾಟದ ತೊಂದರೆ ಶುರುವಾಗಿಬಿಟ್ಟಿದ್ದರೆ ಸೋಪು ಬದಲಾಯಿಸಿ ನೋಡೋಣ ಎಂದು ಕೂರುವ ಹಾಗಿಲ್ಲ. ಮಗು ಅಳದೆ, ಹಾಲು ಕುಡಿಯದೆ ಸುಮ್ಮನಿರುವಾಗ ಎದೆ ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಎರಡು ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60, ಎರಡರಿಂದ ಹನ್ನೊಂದು ತಿಂಗಳವರೆಗೆ 50 ಮುಟ್ಟಿದರೆ ಅದು ವೇಗದ ಉಸಿರು. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು, ಮೂಗಿನ ಹೊಳ್ಳೆ ಅರಳುವುದು, ನರಳುವುದು, ತುಟಿ ನೀಲಿಗಟ್ಟುವುದು, ಹಾಲು ಬಿಡುವುದು, ಇವುಗಳಲ್ಲಿ ಒಂದು ಕಂಡರೂ ಎಣಿಸುತ್ತಾ ಕೂರದೆ ಮಗುವನ್ನು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.